ಬೀಗದಕೈ ಬಿಡಿ, ಬೆಳಕಿಗೆ ದುಡ್ಡು ಕೇಳಿ

ಹುನಗುಂದ ತಾಲ್ಲೂಕಿನ ನಮ್ಮ ಮರೋಳದ ಕಡೆ ಯಾರಿಗಾದರೂ ಫಿಟ್ಸ್ ಬಂದರೆ ಕೈಗೆ ಕಬ್ಬಿಣದ ಬೀಗದಕೈ ಹಿಡಿಸ್ತಾರೆ. ಚಿಕ್ಕಂದಿನಲ್ಲಿ ನಾನೂ ಓಡಿಹೋಗಿ ತಂದುಕೊಟ್ಟಿದ್ದೇನೆ. ಆ ಕಬ್ಬಿಣದಿಂದ ಏನೂ ಆಗಲ್ಲ. ಮಿದುಳಿನ ನರಕೋಶಗಳು ಹಿಡಿತ ತಪ್ಪಿ ಒಟ್ಟೊಟ್ಟಿಗೆ ವಿದ್ಯುತ್ ಸಂಕೇತ ಹೊರಡಿಸುವುದೇ ಫಿಟ್ಸ್.

ಒಂದೊಂದು ಸಂಕೇತವೂ ಸುಮಾರು 1 ಮಿಲಿಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಅದನ್ನು ಕೋಶದೊಳಗೇ ಅಳೆಯಬೇಕೆಂದರೆ ಮೊದಲು ಸೂಜಿಯಂಥ ಎಲೆಕ್ಟ್ರೋಡ್ ಚುಚ್ಚಬೇಕಿತ್ತು. ಒಂದು ಸಲಕ್ಕೆ ಒಂದೆರಡು ಕೋಶ, ಅಷ್ಟೇ. ಈಗ ಹೊಳೆಯುವ ಪ್ರೋಟೀನನ್ನು ಕೋಶದಲ್ಲೇ ತಯಾರಾಗುವಂತೆ ಮಾಡಿ, ಸೂಕ್ಷ್ಮದರ್ಶಕದಲ್ಲಿ ಬಹಳಷ್ಟು ಜೀವಂತ ಕೋಶಗಳನ್ನು ಒಟ್ಟಿಗೆ ನೋಡ್ತಾರೆ.

ಇದರಲ್ಲಿ ಎರಡು ದಾರಿ. 24,000 ಹೆಕ್ಟೇರಿನ ರಾಮಥಾಳ-ಮರೋಳ ಹನಿ ನೀರಾವರಿ ಯೋಜನೆಯ ಊರಿನವರಿಗೆ ಹೀಗೆ ಹೇಳಬಹುದು: ನೆಲ ಹಸಿಯಾಗಿದ್ದನ್ನು ನೋಡಿ ನೀರು ಬಂದಿದೆ ಅನ್ನೋದು ಕ್ಯಾಲ್ಸಿಯಂ ಇಮೇಜಿಂಗ್. ಪೈಪಿನಿಂದ ಹನಿ ಬೀಳುವುದನ್ನೇ ನೋಡೋದು ವೋಲ್ಟೇಜ್ ಇಮೇಜಿಂಗ್. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ಉಪೀಂದರ್ ಭಲ್ಲಾ ಅವರ ತಂಡ ಮೊದಲ ದಾರಿ ಹಿಡಿದು, ಇಲಿ ಪಾಠ ಕಲಿಯುವಾಗ ಅದರ ಮಿದುಳಿನ ಕೋಶಗಳು ಸರದಿಯಲ್ಲಿ ಚುರುಕಾಗುವುದನ್ನು 2014ರಲ್ಲಿ ತೋರಿಸಿತು. ಎರಡನೆಯದು ಕಷ್ಟ. ಸೆಕೆಂಡಿಗೆ ಸಾವಿರದಷ್ಟು ಚಿತ್ರ ತೆಗೆಯಬೇಕು, ಸಿಗುವ ಬೆಳಕು ಅತ್ಯಲ್ಪ. ಅದಕ್ಕೆ ಬಳಸುವ ಒಂದು ಪ್ರೋಟೀನಿನ ಮೂಲ ಮೃತ ಸಮುದ್ರದ ಸೂಕ್ಷ್ಮಜೀವಿ. ಅದನ್ನು ಮೊದಲು ಹುಡುಕಿದವರ ತಲೆಯಲ್ಲಿ ಫಿಟ್ಸ್ ಇರಲಿಲ್ಲ.

‘ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲು ಮಾತ್ರೆ ಸಿಗಲಿ, ಆಮೇಲೆ ಸೂಕ್ಷ್ಮದರ್ಶಕ’ ಅಂತ ನೀವು ಕೇಳಬಹುದು. ನ್ಯಾಯವಾದ ಮಾತೇ. ಸರಿಯಾದ ಚಿಕಿತ್ಸೆ ಸಿಕ್ಕರೆ 100ಕ್ಕೆ 70 ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಹಾಗಾದರೆ ಉಳಿದ 30 ಮಂದಿ? ಈಗಿರುವ ಮಾತ್ರೆ ನಾಟದ ಅವರಿಗೆ, ಯಾವ ಕೋಶ ಯಾವಾಗ ಹಾದಿ ತಪ್ಪುತ್ತದೆ ಎಂಬ ತಿಳಿವಳಿಕೆಯಿಂದಲೇ ಹೊಸ ಮದ್ದು ಬರಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಮುಂದೂಡುವುದು ಸರ್ಕಾರಕ್ಕೆ ಸಲೀಸು, ನಮಗಲ್ಲ.

2020–21ರಲ್ಲಿ ಭಾರತ ಸಂಶೋಧನೆಗೆ ಖರ್ಚು ಮಾಡಿದ್ದು ಜಿಡಿಪಿಯ ಶೇ 0.64 ಮಾತ್ರ. ವೋಟು ಕೇಳಲು ಬಂದವರ ಹತ್ತಿರ ರಸ್ತೆ, ನೀರು ಕೇಳ್ತೇವೆ. ಮಾತ್ರೆಯನ್ನೂ ಸಂಶೋಧನೆಯ ದುಡ್ಡನ್ನೂ ಒಟ್ಟಿಗೇ ಕೇಳೋಣ.

ಅಲ್ಲಿಯವರೆಗೆ, ಫಿಟ್ಸ್ ಬಂದವರನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಏನನ್ನೂ ಹಾಕಬೇಡಿ. 5 ನಿಮಿಷವಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಿರಿ. ಬೀಗದಕೈ ಮೊಳೆಯಲ್ಲೇ ತೂಗಾಡಲಿ.