ಸ್ಮಾರ್ಟ್ ಟಿ.ವಿ. ಬಂತು, ಡ್ರಾಯಿಂಗ್ ಟೀಚರ್ ಎಲ್ಲಿ?

‘ಡ್ರಾಯಿಂಗ್ ಟೀಚರ್ ಆಗೋಕೆ ಎಂ.ಎ. ಬೇರೆ ಬೇಕೇನಮ್ಮಾ? ಅದೂ ಕಂಪ್ಯೂಟರ್ ಹಿಡಿದು ಚಿತ್ರ ಕಲಿಸೋಕಾ?’ ದೃಶ್ಯಕಲೆಯಲ್ಲಿ ಪದವಿ ಮುಗಿಸಿದ ಮೇಲೆ ಮುಂದೆ ಓದುತ್ತೇನೆ ಎಂದಾಗ ನಮ್ಮ ಮಾವ ಕೇಳಿದ ಪ್ರಶ್ನೆ ಇದು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯುವ ಅವರಿಗೆ ಖರ್ಚಿಗೂ ಆದಾಯಕ್ಕೂ ತಾಳೆ ಆಗಲೇಬೇಕು. ಕೋಲಾರ, ಮಾಲೂರು, ಮುಳಬಾಗಿಲು ಕಡೆಯ ನನ್ನ ಸಹಪಾಠಿಗಳ ಮನೆಗಳಲ್ಲೂ ಇದೇ ಪ್ರಶ್ನೆ. ಹಾಗಾಗಿ ಇದಕ್ಕೆ ನೇರವಾಗಿ ಉತ್ತರ ಕೊಡುವುದು ಒಳ್ಳೆಯದು. ನನ್ನ ಪ್ರಕಾರ ಈ ಓದು ಬೇಕೇ ಬೇಕು. ಆದರೆ ಬರೀ ಸಾಫ್ಟ್‌ವೇರ್ ಕಲಿಸಿ ಸರ್ಟಿಫಿಕೇಟ್ ಕೊಡುವ ಕೋರ್ಸಿಗೆ ದುಡ್ಡು ಸುರಿಯಬಾರದು.

ಮೊದಲು ಶಾಲೆಗಳ ಸ್ಥಿತಿ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಚಿತ್ರಕಲೆಗೆ ಕೊಟ್ಟಿರುವುದು ‘ಅರೆಕಾಲಿಕ ಬೋಧಕ’ರನ್ನು ಮಾತ್ರ. ಅದೂ 6ರಿಂದ 8ನೇ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ. ನಮ್ಮ ತಾಲ್ಲೂಕುಗಳ ಎಷ್ಟೋ ಹಳ್ಳಿ ಶಾಲೆಗಳು ಈ ಲೆಕ್ಕಕ್ಕೇ ಬರುವುದಿಲ್ಲ. ಇನ್ನೊಂದು ಕಡೆ, ಕಲೆಯನ್ನು ಹತ್ತನೇ ತರಗತಿವರೆಗೆ ಕಡ್ಡಾಯ ಮಾಡಬೇಕು ಎಂದು ಎನ್‌ಸಿಇಆರ್‌ಟಿಯ ತಜ್ಞರ ಗುಂಪು 2006ರಲ್ಲೇ ಹೇಳಿತ್ತು. ಕಲೆಯನ್ನು ಎಲ್ಲ ಪಾಠಗಳ ಜೊತೆ ಬೆಸೆಯಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ಕಾಗದದ ಮೇಲೆ ಕಲೆಗೆ ಗೌರವ ಇದೆ, ಶಾಲೆಯಲ್ಲಿ ಕಲಿಸುವವರಿಲ್ಲ.

ಈ ಖಾಲಿ ಜಾಗದೊಳಕ್ಕೆ ಈಗ ಸ್ಮಾರ್ಟ್ ಟಿ.ವಿ. ಬರುತ್ತಿದೆ. ಪದವಿ ಮುಗಿಸಿದ ಮೇಲೆ ಒಂದು ವರ್ಷ ನಾನು ಶಾಲೆಯೊಂದರಲ್ಲಿ ಗೌರವಧನಕ್ಕೆ ಚಿತ್ರಕಲೆ ಕಲಿಸಿದೆ. ನಾನು ಹೋಗುವ ಮುಂಚೆ ಚಿತ್ರಕಲೆಯ ಪೀರಿಯಡ್‌ನಲ್ಲಿ ಯೂಟ್ಯೂಬ್ ವಿಡಿಯೊ ಹಾಕುತ್ತಿದ್ದರಂತೆ. ಮಕ್ಕಳ ಪುಸ್ತಕ ತೆರೆದರೆ ಎಲ್ಲರದ್ದೂ ಒಂದೇ ಚಿತ್ರ: ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ಹೊಳೆ, ದಡದಲ್ಲಿ ತೆಂಗಿನ ಮರ. ವರ್ಷವಿಡೀ ಹರಿಯುವ ನದಿಯನ್ನೇ ಕಾಣದ ನಮ್ಮ ಜಿಲ್ಲೆಯ ಮಕ್ಕಳು ಹೊಳೆ ಬರೆದಿದ್ದರು. ಮನೆಯ ಹಿಂದೆಯೇ ಇರುವ ಮಾವಿನ ತೋಪು ಒಬ್ಬರ ಪುಸ್ತಕದಲ್ಲೂ ಇರಲಿಲ್ಲ. ಅದೇ ಟಿ.ವಿ.ಯನ್ನು ಬೇರೆ ರೀತಿ ಬಳಸಬೇಕಾದರೆ ಅದಕ್ಕೆ ತಯಾರಾದ ಟೀಚರ್ ಬೇಕು.

ಬೇರೆ ರೀತಿ ಅಂದರೆ ಹೇಗೆ? ಮಾವಿನ ಚಿಗುರು ತಾಮ್ರದ ಬಣ್ಣದ್ದು. ಆದರೆ ಎಲೆ ಎಂದ ಕೂಡಲೇ ಮಕ್ಕಳು ಹಸಿರು ಬಳಿಯುತ್ತಾರೆ. ಚಿಗುರಿನ ಫೋಟೊ ತೆಗೆಸಿ, ಅದನ್ನು ಟಿ.ವಿ.ಯಲ್ಲಿ ದೊಡ್ಡದು ಮಾಡಿ, ಪಕ್ಕದಲ್ಲೇ ನಿಜವಾದ ಚಿಗುರು ಹಿಡಿಸಿ. ಎರಡರ ಬಣ್ಣ ಒಂದೇ ಇರುವುದಿಲ್ಲ, ಯಾಕೆಂದರೆ ಫೋನಿನ ಕ್ಯಾಮೆರಾ ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನೇ ತಿದ್ದಿಕೊಳ್ಳುತ್ತದೆ. ‘ಯಾವುದು ಸರಿ?’ ಎಂದು ಕೇಳಿದರೆ ಮಕ್ಕಳು ಕಣ್ಣರಳಿಸಿ ನೋಡಲು ಶುರು ಮಾಡುತ್ತಾರೆ. ಆಮೇಲೆ ಆ ಬಣ್ಣ ಕಲಸಲು ಹೇಳಿ.

ಮಾಲೂರು ಇಟ್ಟಿಗೆ, ಹೆಂಚಿಗೆ ಹೆಸರಾದ ಊರು. ಹಿಡಿ ಜೇಡಿಮಣ್ಣಿನಲ್ಲಿ ಒಂದು ಆಮೆ ಮಾಡಿ, ಚೂರು ಚೂರೇ ಜರುಗಿಸುತ್ತಾ ಫೋಟೊ ತೆಗೆದು ಜೋಡಿಸಿದರೆ ಆಮೆ ನಡೆಯುತ್ತದೆ. ಸೆಕೆಂಡಿಗೆ 12 ಫೋಟೊ ಅಂದರೆ ಹತ್ತು ಸೆಕೆಂಡಿಗೆ 120. ಏಳನೇ ತರಗತಿಯವರು ಇದನ್ನು ನನ್ನೊಬ್ಬಳ ಫೋನಿನಲ್ಲೇ ಮಾಡಿದರು. ಕಲೆ, ಲೆಕ್ಕ, ತಾಳ್ಮೆ ಮೂರೂ ಅದರಲ್ಲಿತ್ತು. ಮನೆಯಲ್ಲಿ ತೆಲುಗು ಮಾತಾಡುವ, ತರಗತಿಯಲ್ಲಿ ಬಾಯಿ ಬಿಡದ ಹುಡುಗನೊಬ್ಬ ಅವತ್ತು ಎಲ್ಲರಿಗೂ ಡೈರೆಕ್ಟರ್ ಆಗಿದ್ದ.

ಇಂಥ ಪಾಠಕ್ಕೆ ನಮ್ಮಲ್ಲಿ ಸಾಮಗ್ರಿಗೇನೂ ಕೊರತೆಯಿಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ತಲೆಮಾರುಗಳಿಂದ ಶಿಲ್ಪ ಕೆತ್ತುವ ಮನೆತನಗಳಿವೆ. ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ನೊಳಂಬರ ಕಾಲದ ಗುಡಿಗಳಿವೆ, ಕುರುಡುಮಲೆಯಲ್ಲಿ ಏಕಶಿಲೆಯ ಗಣಪ ಇದ್ದಾನೆ. ಕಲ್ಲಿನ ಮೇಲೆ ಉಳಿ ಇಡುವ ಮುಂಚೆ ಶಿಲ್ಪಿ ಗೆರೆ ಎಳೆದು ಅಳತೆ ಗುರುತು ಮಾಡುವುದನ್ನು ಐದು ನಿಮಿಷ ಚಿತ್ರೀಕರಿಸಿದರೆ, ಯಾವ ಆ್ಯಪ್‌ನಲ್ಲೂ ಸಿಗದ ಪಾಠ ತಯಾರು. ಕ್ರಿಟಾ, ಜಿಂಪ್, ಇಂಕ್‌ಸ್ಕೇಪ್‌ನಂಥ ಉಚಿತ ಸಾಫ್ಟ್‌ವೇರ್‌ಗಳಿರುವಾಗ ದುಡ್ಡಿನ ನೆಪವನ್ನೂ ಹೇಳುವಂತಿಲ್ಲ.

‘ಈಗ ಎಐ ಇದೆ, ಮಾವಿನ ತೋಪು ಅಂತ ಟೈಪ್ ಮಾಡಿದರೆ ಚಿತ್ರ ಬರುತ್ತದೆ’ ಎನ್ನುವವರಿದ್ದಾರೆ. ಬರುತ್ತದೆ, ನಿಜ. ಆದರೆ ಆ ಚಿತ್ರದಲ್ಲಿ ಚಿಗುರಿನ ಬಣ್ಣ ತಪ್ಪಿದ್ದರೆ ಅದನ್ನು ಗುರುತಿಸುವುದು ಕಣ್ಣಾರೆ ನೋಡಿ, ಕೈಯಾರೆ ಬರೆದ ಮಗು ಮಾತ್ರ.

ಇನ್ನು ಓದಿನ ವಿಷಯ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜಿನಲ್ಲಿ ದೃಶ್ಯಕಲೆಯ ಸ್ನಾತಕೋತ್ತರ ಪದವಿ ಇದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಶಿಕ್ಷಣದ ಎಂ.ಎ. ಇದೆ. ಅನಿಮೇಷನ್ ಕಲಿಸುವ ಸಂಸ್ಥೆಗಳು ಗಲ್ಲಿಗೊಂದಿವೆ. ಕಲಾ ಶಿಕ್ಷಣಕ್ಕೇ ಪ್ರತ್ಯೇಕ ವಿಭಾಗ ಬೇಕೆಂದರೆ ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದವರೆಗೆ ನೋಡಬೇಕು. ಕಲೆ ಒಂದು ಕಡೆ, ಶಿಕ್ಷಣ ಇನ್ನೊಂದು ಕಡೆ, ತಂತ್ರಜ್ಞಾನ ಮತ್ತೊಂದು ಕಡೆ. ಶಾಲೆಗೆ ಮೂರೂ ಒಟ್ಟಿಗೆ ಬೇಕು. ಕೋಲಾರದ ಟಮಕದಲ್ಲೇ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಇದೆ, ಜಿಲ್ಲೆಗೆ ಡಯಟ್ ಇದೆ. ಇವೆರಡೂ ಸೇರಿ ಇಂಥದ್ದೊಂದು ಕೋರ್ಸ್ ಯಾಕೆ ಶುರು ಮಾಡಬಾರದು? ದಿನಾ ಬೆಳಗ್ಗೆ ಬಸ್ಸು, ರೈಲು ಹಿಡಿದು ಬೆಂಗಳೂರಿಗೆ ಓಡಲಾಗದ, ಅಲ್ಲಿ ಪಿ.ಜಿ. ಬಾಡಿಗೆ ಕಟ್ಟಲಾಗದ ಹೆಣ್ಣುಮಕ್ಕಳಿಗೆ ಅದೊಂದೇ ದಾರಿ.

ಕೋರ್ಸ್ ಇದ್ದರೆ ಸಾಲದು, ಹುದ್ದೆಯೂ ಬೇಕು. ಪ್ರತಿ ಶಾಲೆಗೂ ಒಬ್ಬರನ್ನು ಕೊಡಲು ಆಗದಿದ್ದರೆ ಒಂದು ಕ್ಲಸ್ಟರ್‌ಗೆ ಒಬ್ಬರನ್ನಾದರೂ ಪೂರ್ಣಾವಧಿಗೆ ನೇಮಿಸಲಿ. ವಾರಕ್ಕೊಂದು ದಿನ ಒಂದೊಂದು ಶಾಲೆ. ಉಳಿದ ದಿನಗಳಿಗೆ ತರಗತಿಯ ಶಿಕ್ಷಕರೇ ಬಳಸುವಂಥ, ನಮ್ಮೂರಿನ ಚಿತ್ರಗಳೇ ಇರುವ ಪಾಠಗಳನ್ನು ಅವರು ತಯಾರಿಸಿ ಕೊಡಲಿ. ತಂತ್ರಜ್ಞಾನದ ನಿಜವಾದ ಉಪಯೋಗ ಇಲ್ಲಿದೆ. ಟಿ.ವಿ. ಕೊಟ್ಟಿದ್ದೇವೆ, ಇನ್ನು ಟೀಚರ್ ಯಾಕೆ ಎಂದರೆ ಮತ್ತೆ ಅದೇ ಎರಡು ಬೆಟ್ಟ, ಒಂದು ಸೂರ್ಯ.

ಅರ್ಜಿ ಹಾಕಲು ಹೊರಟಿರುವ ಗೆಳೆಯರೇ, ಫೀಸು ಕಟ್ಟುವ ಮುಂಚೆ ಮೂರು ಪ್ರಶ್ನೆ ಕೇಳಿ. ಸರ್ಕಾರಿ ಶಾಲೆಯಲ್ಲಿ ಎಷ್ಟು ವಾರ ಪಾಠ ಮಾಡಿಸುತ್ತೀರಿ? ಕಲಿಸುವ ಸಾಫ್ಟ್‌ವೇರ್ ಹಳ್ಳಿ ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ಓಡುತ್ತದೆಯೇ? ನೇಮಕಾತಿ ಅಧಿಸೂಚನೆಯಲ್ಲಿ ಕೇಳುವ ವಿದ್ಯಾರ್ಹತೆಗೆ ಈ ಪದವಿ ಸಲ್ಲುತ್ತದೆಯೇ? ಮೂರನೆಯದನ್ನು ಬಾಯಿಮಾತಿನಲ್ಲಿ ನಂಬಬೇಡಿ, ಹಳೆಯ ಅಧಿಸೂಚನೆ ತೆಗೆದು ನೀವೇ ಓದಿ. ಸಾಧ್ಯವಾದರೆ ಅರ್ಜಿಗೆ ಮುಂಚೆ ನಿಮ್ಮೂರ ಶಾಲೆಯ ಮುಖ್ಯ ಶಿಕ್ಷಕರನ್ನು ಕೇಳಿಕೊಂಡು ಎರಡು ಶನಿವಾರ ಮಕ್ಕಳ ಜೊತೆ ಚಿತ್ರ ಬರೆಯಿರಿ. ಈ ಓದು ನಿಮಗೆ ಬೇಕೋ ಬೇಡವೋ ಎನ್ನುವುದು ಅಲ್ಲೇ ಗೊತ್ತಾಗುತ್ತದೆ.