ಒಂದು ಮಾತ್ರೆಯಿಂದ ಏನಾಗುತ್ತೆ ಅಂದ್ರೆ...

ಮೊನ್ನೆ ಮನೆಗೆ ಬಂದ ನೆಂಟರೊಬ್ಬರಿಗೆ ಭೇದಿ ಶುರುವಾಯ್ತು. ನಾನು ಓಆರ್‌ಎಸ್ ಕಲಸುವಷ್ಟರಲ್ಲಿ ಅವರು ಮೆಡಿಕಲ್ ಶಾಪಿಂದ ಸಿಪ್ರೊಫ್ಲಾಕ್ಸಾಸಿನ್ ತಂದು ಒಂದನ್ನು ನುಂಗಿಯೂ ಆಗಿತ್ತು. ಡಾಕ್ಟರ ಚೀಟಿ ಕೇಳಿದವರಿಲ್ಲ. "ಒಂದು ಮಾತ್ರೆಯಿಂದ ಏನಾಗುತ್ತೆ ಬಿಡಪ್ಪ" ಅಂದರು.

ಏನಾಗುತ್ತೆ ಅಂತ ಹೇಳ್ತೀನಿ, ಕೇಳಿ.

ನಾವೆಲ್ಲ ಓದಿರೋ ಕಥೆಯಲ್ಲಿ ಆಂಟಿಬಯಾಟಿಕ್ ಒಂದು ಜರಡಿ. ಬಡಪಾಯಿ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಗಟ್ಟಿಯಾದವು ಉಳಿಯುತ್ತವೆ. ಸುಳ್ಳಲ್ಲ, ಆದರೆ ಅರ್ಧ ಕಥೆ. ಸಿಪ್ರೊ ಬ್ಯಾಕ್ಟೀರಿಯಾದ ಡಿಎನ್‌ಎಗೇ ಪೆಟ್ಟು ಕೊಡುತ್ತೆ. ಆಗ ರೆಕ್‌ಎ ಅನ್ನೋ ಪ್ರೋಟೀನ್ ಎಚ್ಚೆತ್ತು, ರಿಪೇರಿ ಜೀನುಗಳಿಗೆ ಬೀಗ ಹಾಕಿ ಕೂತಿರೋ ಲೆಕ್ಸ್‌ಎ ತನ್ನನ್ನು ತಾನೇ ತುಂಡರಿಸಿಕೊಳ್ಳುವಂತೆ ಮಾಡುತ್ತೆ. ಇದೇ ಎಸ್‌ಒಎಸ್ ಪ್ರತಿಕ್ರಿಯೆ. ಅಪಾಯದ ಗಂಟೆ ಅನ್ನಿ.

ಈ ಗಂಟೆ ರಿಪೇರಿಯವರಿಗೆ ಮಾತ್ರ ಕೇಳಿಸಿದ್ದರೆ ಚಿಂತೆಯಿರಲಿಲ್ಲ. 1992ರಲ್ಲಿ ಮದರಾಸಿನಲ್ಲಿ ಸಿಕ್ಕ ಕಾಲರಾದ ಓ139 ತಳಿಯೊಳಗೆ ಎಸ್‌ಎಕ್ಸ್‌ಟಿ ಅನ್ನೋ ಡಿಎನ್‌ಎ ತುಂಡೊಂದಿತ್ತು. ಕ್ಲೋರಾಂಫೆನಿಕಾಲ್, ಸ್ಟ್ರೆಪ್ಟೊಮೈಸಿನ್, ಟ್ರೈಮೆಥೊಪ್ರಿಮ್, ಸಲ್ಫಾಮೆಥಾಕ್ಸಜೋಲ್, ಈ ನಾಲ್ಕನ್ನೂ ಸೋಲಿಸುವ ಜೀನುಗಳು ಅದರ ಗಂಟಿನಲ್ಲಿದ್ದವು. ಸೆಟ್‌ಆರ್ ಅನ್ನೋ ಕಾವಲುಗಾರ ಅದನ್ನು ಕಟ್ಟಿಹಾಕಿರುತ್ತಾನೆ. 2004ರಲ್ಲಿ ಬೀಬರ್, ಹೋಖ್‌ಹುಟ್ ಮತ್ತು ವಾಲ್ಡರ್ 'ನೇಚರ್' ಪತ್ರಿಕೆಯಲ್ಲಿ ತೋರಿಸಿದ್ದೇನು ಗೊತ್ತಾ? ಎಸ್‌ಒಎಸ್ ಗಂಟೆ ಬಾರಿಸಿದರೆ ಸೆಟ್‌ಆರ್ ಕೂಡ ತುಂಡಾಗುತ್ತೆ, ಎಸ್‌ಎಕ್ಸ್‌ಟಿ ಪಕ್ಕದ ಬ್ಯಾಕ್ಟೀರಿಯಾಗಳಿಗೆ ಹರಡೋದು ಹೆಚ್ಚುತ್ತೆ. ಗಂಟೆ ಬಾರಿಸಿದ್ದರಲ್ಲಿ ಸಿಪ್ರೊ ಕೂಡ ಒಂದು!

ಲೆಕ್ಕ ನೋಡಿ. ಕೊಟ್ಟಿದ್ದು ಒಂದು ಔಷಧಿ, ನೆರೆಮನೆಗೆ ಸಾಗಿದ್ದು ಬೇರೆ ನಾಲ್ಕು ಔಷಧಿಗಳ ವಿರುದ್ಧದ ಆಯುಧ.

"ಅದು ಲ್ಯಾಬಿನ ಮಾತು" ಅಂತೀರಾ? ಹೌದು, ಲ್ಯಾಬಿನದೇ. ಆದರೆ 2009ರಲ್ಲಿ ಇಂಟೆಗ್ರಾನ್‌ಗಳ ಕತೆಯೂ ಹೀಗೇ ಅಂತ ಗೊತ್ತಾಯ್ತು. ನಿರೋಧಕ ಜೀನುಗಳನ್ನು ಜೋಡಿಸಿ ಮರುಜೋಡಿಸುವ ಅವುಗಳ ಕಿಣ್ವಕ್ಕೂ ಬೀಗ ಹಾಕೋದು ಅದೇ ಲೆಕ್ಸ್‌ಎ. ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಒತ್ತೊತ್ತಾಗಿರೋ ಹೊಟ್ಟೆಯೊಳಗೆ ಸುಮ್ಮಸುಮ್ಮನೆ ಗಂಟೆ ಬಾರಿಸೋ ಧೈರ್ಯ ನನಗಂತೂ ಇಲ್ಲ.

ನನ್ನ ತಕರಾರು ನಮ್ಮ ಉಪದೇಶದ ಮೇಲೂ ಇದೆ. ಎಲ್ಲರೂ "ಕೋರ್ಸ್ ಮುಗಿಸಿ" ಅಂತೀವಿ. ಬೇಡದ ಔಷಧಿಯ ಕೋರ್ಸ್ ಮುಗಿಸೋದು ಅಂದ್ರೆ ಐದು ದಿನ ಗಂಟೆ ಬಾರಿಸಿದ ಹಾಗೆ, ಅಷ್ಟೇ. ಡಾಕ್ಟರು ನೋಡಿ ಬರೆದುಕೊಟ್ಟರೆ ಖಂಡಿತ ತಗೊಳ್ಳಿ, ಜೀವ ಉಳಿಸೋ ಔಷಧಿ ಅದು. ಹಾಗಾಗಿಯೇ ಈ ಸಿಟ್ಟು.

ನೆಂಟರು ಮರುದಿನ ಹುಷಾರಾದರು. ಪುಣ್ಯವೆಲ್ಲ ಮಾತ್ರೆಗೆ ಹೋಯ್ತು. "ನಂಗೇನೂ ಆಗ್ಲಿಲ್ವಲ್ಲ" ಅಂತ ನಕ್ಕರು. ಅವರಿಗೆ ಆಗಲ್ಲ ಸ್ವಾಮಿ. ಆಗೋದು ಮುಂದೆಂದೋ ಯಾವುದೋ ಆಸ್ಪತ್ರೆಯಲ್ಲಿ, ಯಾವ ಔಷಧಿಯೂ ನಾಟದೆ ಮಲಗಿರೋ ಯಾರದೋ ಮಗುವಿಗೆ.

ಉಳಿದ ಮಾತ್ರೆಗಳನ್ನು "ಮನೇಲಿರ್ಲಿ" ಅಂತ ಫ್ರಿಜ್ ಮೇಲೆ ಇಟ್ಟು ಹೋಗಿದ್ದಾರೆ. ನಿಮ್ಮ ಫ್ರಿಜ್ ಮೇಲೆ ಏನಿದೆ, ಸ್ವಲ್ಪ ನೋಡ್ತೀರಾ?