ಮುಚ್ಚಿಟ್ಟ ಬೇನೆ

ಕಳೆದ ತಿಂಗಳು ಪರಿಚಿತ ಹಿರಿಯರೊಬ್ಬರು ನಮ್ಮ ಮನೆಗೆ ಬಂದಿದ್ದರು. ಮಗನಿಗೊಂದು ಕನ್ಯೆ ನೋಡಿಕೊಡಬೇಕೆಂಬುದು ಅವರ ಕೋರಿಕೆ. ಹುಡುಗ ವಿಶ್ವವಿದ್ಯಾಲಯದ ವಸತಿನಿಲಯದಲ್ಲಿದ್ದು ಸ್ನಾತಕೋತ್ತರ ಪದವಿಗೆ ಓದುತ್ತಿದ್ದವನು. ಓದು ಮುಗಿಯಿತೇ ಎಂದು ಕೇಳಿದೆವು. ಅವರು ತಲೆ ತಗ್ಗಿಸಿದರು. ಗೆಳೆಯರ ಕೂಟದಲ್ಲಿ ಆರಂಭವಾದ ಕುಡಿತ, ಆಮೇಲೆ ಗಾಂಜಾ. ಎರಡು ವರ್ಷದಿಂದ ಪರೀಕ್ಷೆಗೇ ಕುಳಿತಿಲ್ಲ. “ಮದುವೆಯಾದರೆ ತಾನಾಗಿಯೇ ಬಿಟ್ಟಾನು. ಹೊರಗೆ ಮಾತ್ರ ತಿಳಿಯಬಾರದು” ಎಂದರು.

ನಾವು ಒಪ್ಪಲಿಲ್ಲ. ಮದುವೆ ಔಷಧವಲ್ಲ, ಪರರ ಮನೆಯ ಮಗಳು ವೈದ್ಯಳೂ ಅಲ್ಲ. ಅಂದು ಅವರಿಗೆ ಹೇಳಿದ ಮಾತುಗಳನ್ನೇ ಇಲ್ಲಿ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ. ಏಕೆಂದರೆ ಇದು ಒಂದೇ ಮನೆಯ ಕಥೆಯಲ್ಲ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯವು 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಮದ್ಯಕ್ಕೆ ದಾಸರಾದವರಲ್ಲಿ ಯಾವುದಾದರೊಂದು ಬಗೆಯ ಚಿಕಿತ್ಸೆ ಪಡೆದವರು 38 ಮಂದಿಗೆ ಒಬ್ಬರು ಮಾತ್ರ. ಉಳಿದ 37 ಮಂದಿಯಲ್ಲಿ ಎಷ್ಟು ಜನರ ಮನೆಗಳು ಮಾನಕ್ಕಂಜಿ ಬಾಗಿಲು ಮುಚ್ಚಿಕೊಂಡಿವೆಯೋ!

ಮನುಷ್ಯನ ಮಿದುಳು ಪಕ್ವವಾಗಲು ಸುಮಾರು 25 ವರ್ಷ ಬೇಕು. ಅದರಲ್ಲಿಯೂ ವಿವೇಚನೆಯ ಭಾಗ ಬಲಿಯುವುದು ಕೊನೆಗೆ. ಆದ್ದರಿಂದಲೇ ಕಾಲೇಜಿನ ವಯಸ್ಸಿನಲ್ಲಿ ಅಂಟಿದ ಚಟ ಬೇಗ ಬೇರೂರುತ್ತದೆ. ಅದು ನಡತೆಯ ದೋಷವಷ್ಟೇ ಅಲ್ಲ, ರೋಗವೂ ಹೌದು. ದಿನವೂ ಅತಿಯಾಗಿ ಕುಡಿಯುವವನನ್ನು ಕೋಣೆಯಲ್ಲಿ ಕೂಡಿಹಾಕಿ, ಆಣೆ ಹಾಕಿಸಿ, ಒಮ್ಮೆಗೇ ಬಿಡಿಸಹೋದರೆ ನಡುಕ, ಫಿಟ್ಸ್, ಬುದ್ಧಿಭ್ರಮೆ ಉಂಟಾಗಿ ಪ್ರಾಣಕ್ಕೇ ಅಪಾಯ ಒದಗಬಹುದು. ವೈದ್ಯರ ನಿಗಾದಲ್ಲಿ ಬಿಡಿಸುವುದೇ ಕ್ಷೇಮ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇರುವುದು ನಮಗಾಗಿಯೇ. 14446 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಶುಲ್ಕವಿಲ್ಲ. ಪೊಲೀಸರ ಭಯ ಕಾಡುವವರು ಇದನ್ನೂ ತಿಳಿಯಬೇಕು: 1985ರ ಮಾದಕ ವಸ್ತುಗಳ ಕಾಯಿದೆಯ 64-ಎ ಕಲಮಿನಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿಯೇ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಯನ್ನು ಪೂರ್ಣಗೊಳಿಸಿದರೆ ಆ ಮಟ್ಟಿಗೆ ಮೊಕದ್ದಮೆಯಿಂದ ರಕ್ಷಣೆಯುಂಟು.

ಇಳಕಲ್ಲಿನ ಲಿಂಗೈಕ್ಯ ಮಹಾಂತ ಶ್ರೀಗಳು ಜೋಳಿಗೆ ಹಿಡಿದು ಊರೂರು ತಿರುಗಿದರು. ಅವರು ಬೇಡಿದ್ದು ದವಸವನ್ನಲ್ಲ, ಹಣವನ್ನಲ್ಲ; ಜನರ ದುಶ್ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಾಡು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆ ಜೋಳಿಗೆಗೆ ಚಟವನ್ನು ಹಾಕುವವನು ಮೊದಲು ಅದು ತನ್ನದೆಂದು ಒಪ್ಪಿಕೊಳ್ಳಲೇಬೇಕು. ಬಚ್ಚಿಟ್ಟುಕೊಂಡದ್ದನ್ನು ಯಾವ ಜೋಳಿಗೆಗೆ ಹಾಕಲಾದೀತು?

ಆ ಹಿರಿಯರು ಅಂದು ಮುನಿಸಿಕೊಂಡೇ ಎದ್ದು ಹೋದರು. ಹದಿನೈದು ದಿನಗಳ ತರುವಾಯ ದೂರವಾಣಿಯಲ್ಲಿ ಅವರ ಧ್ವನಿ ಕೇಳಿಸಿತು: “ನಾಳೆ ಮಗನನ್ನು ಕರೆದುಕೊಂಡು ಧಾರವಾಡಕ್ಕೆ ಹೊರಟಿದ್ದೇವೆ. ಅವನ ತಾಯಿಯೂ ಬರುತ್ತಾಳೆ.” ಹುಡುಗ ಗುಣಮುಖನಾಗುವನೆಂದು ಈಗಲೇ ಹೇಳಲು ನಮಗೆ ಸಾಧ್ಯವಿಲ್ಲ, ಈ ಬೇನೆ ಮರುಕಳಿಸುವುದೂ ಉಂಟು. ಆದರೆ ಆ ಮನೆಯ ಬಾಗಿಲು ತೆರೆದಿದೆ. ತಾಯಿತಂದೆಗಳೇ, ನಿಮ್ಮ ಮನೆಯಲ್ಲಿಯೂ ಇಂಥ ಬೇನೆಯಿದ್ದರೆ ಕನ್ಯೆ ಹುಡುಕುವ ಮೊದಲು ವೈದ್ಯರನ್ನು ಹುಡುಕಿರಿ.